ಗಳಿಗೆ ತಪ್ಪದೆ ಬರುವ ತಲೆನೋವು: ಒಂದು ಕಾಯಿಲೆಗೆ ಹೆಸರು ಸಿಕ್ಕ ಇತಿಹಾಸ

ತಲೆನೋವು ಎಂಬ ಮಾತನ್ನು ನಾವು ದಿನಕ್ಕೆ ಹತ್ತು ಸಲ ಆಡುತ್ತೇವೆ. ಮಕ್ಕಳು ಗಲಾಟೆ ಮಾಡಿದರೆ ತಲೆನೋವು, ಸಾಲದ ಕಂತು ತಲೆನೋವು, ಪರೀಕ್ಷೆಯಲ್ಲಿ ಗಣಿತ ಪತ್ರಿಕೆ ತಲೆನೋವು. ಹೀಗೆ ಎಲ್ಲದಕ್ಕೂ ಬಳಸಿ ಬಳಸಿ ಆ ಪದ ಸವೆದುಹೋಗಿದೆ. ಆದ್ದರಿಂದಲೇ ಒಬ್ಬ ಮನುಷ್ಯ ನಿಜವಾಗಿಯೂ ನೋವು ತಾಳಲಾರದೆ ಗೋಡೆಗೆ ತಲೆ ಚಚ್ಚಿಕೊಳ್ಳುವಾಗಲೂ ಮನೆಯವರು “ಒಂದು ಮಾತ್ರೆ ನುಂಗಿ ಮಲಗು” ಎಂದುಬಿಡುತ್ತಾರೆ. ಆದರೆ ಮಲಗುವುದೇ ಸಾಧ್ಯವಾಗದಂಥ ಒಂದು ತಲೆನೋವಿದೆ. ಇಂದಿನ ವೈದ್ಯರು ಅದಕ್ಕೆ ಕ್ಲಸ್ಟರ್ ತಲೆನೋವು ಎನ್ನುತ್ತಾರೆ. ಈ ಹೆಸರು ಬಳಕೆಗೆ ಬಂದು ಎಪ್ಪತ್ತು ಚಿಲ್ಲರೆ ವರ್ಷಗಳಾಗಿವೆ, ಅಷ್ಟೆ. ಕಾಯಿಲೆಯೋ ನೂರಾರು ವರ್ಷಗಳಷ್ಟು ಹಳೆಯದು. ಕಣ್ಣೆದುರಿಗೇ ಇದ್ದ ಕಾಯಿಲೆಯನ್ನು ಗುರುತಿಸಲು ವೈದ್ಯಲೋಕಕ್ಕೆ ಇಷ್ಟು ಕಾಲ ಏಕೆ ಬೇಕಾಯಿತು, ನಮ್ಮ ಕಡೆಯ ರೋಗಿಗಳು ಇಂದಿಗೂ ವರ್ಷಗಟ್ಟಲೆ ಏಕೆ ಅಲೆಯುತ್ತಾರೆ ಎಂಬುದನ್ನು ಇಲ್ಲಿ ನೋಡೋಣ.

ಮೊದಲು ಕಾಯಿಲೆಯ ಪರಿಚಯವಾಗಲಿ. ನೋವು ತಲೆಯ ಒಂದೇ ಪಕ್ಕದಲ್ಲಿ, ಕಣ್ಣಿನ ಒಳಗೆ, ಹುಬ್ಬಿನ ಮೇಲೆ ಅಥವಾ ಕಣತಲೆಯಲ್ಲಿ ಏಳುತ್ತದೆ. ಚಿಕಿತ್ಸೆ ಮಾಡದಿದ್ದರೆ ಕಾಲು ಗಂಟೆಯಿಂದ ಮೂರು ಗಂಟೆಯವರೆಗೆ ಇರುತ್ತದೆ. ಎರಡು ದಿನಕ್ಕೊಮ್ಮೆ ಬರಬಹುದು, ದಿನಕ್ಕೆ ಎಂಟು ಸಲವೂ ಬರಬಹುದು. ನೋವಿರುವ ಪಕ್ಕದ ಕಣ್ಣು ಕೆಂಪಾಗಿ ನೀರು ಸುರಿಸುತ್ತದೆ, ರೆಪ್ಪೆ ಜೋತುಬೀಳುತ್ತದೆ, ಅದೇ ಪಕ್ಕದ ಮೂಗಿನ ಹೊಳ್ಳೆ ಕಟ್ಟುತ್ತದೆ ಇಲ್ಲವೇ ಸೋರುತ್ತದೆ. ರೋಗಿ ಕುಳಿತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ. ಇದು ಕೆಲವು ವಾರ ಅಥವಾ ತಿಂಗಳು ದಿನವೂ ಕಾಡಿ, ಆಮೇಲೆ ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ, ಸುಳಿವೇ ಇಲ್ಲದೆ ಮಾಯವಾಗುತ್ತದೆ. ಕ್ಲಸ್ಟರ್ ಎಂದರೆ ಗೊಂಚಲು. ನಮ್ಮ ಶ್ರೀನಿವಾಸಪುರದ ಮಾವಿನ ತೋಪು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಕಾಲ ಬಂದಾಗ ಮರದ ತುಂಬ ಗೊಂಚಲು ಗೊಂಚಲು ಕಾಯಿ, ಕಾಲ ಕಳೆದರೆ ಒಂದೂ ಇಲ್ಲ. ಹೆಂಗಸರಿಗೂ ಬರುತ್ತದೆಯಾದರೂ ಗಂಡಸರಲ್ಲಿ ಹೆಚ್ಚು. ಸಾಮಾನ್ಯವಾಗಿ ಇಪ್ಪತ್ತರಿಂದ ನಲವತ್ತರ ವಯಸ್ಸಿನ ನಡುವೆ ಆರಂಭವಾಗುತ್ತದೆ.

ಇನ್ನು ಹೆಸರಿನ ವಿಷಯಕ್ಕೆ ಬರೋಣ. ಎರಡು ಭಾಷೆ ಕಲಿಸುವ ಮೇಷ್ಟ್ರಿಗೆ ಪದಗಳ ಚಪಲ ಸ್ವಲ್ಪ ಹೆಚ್ಚು, ಓದುಗರು ಕ್ಷಮಿಸಬೇಕು. ಒಂದು ಪಕ್ಕದ ತಲೆನೋವಿಗೆ ಅರಬ್ಬಿಯಲ್ಲಿ ‘ಶಕೀಕಾ’ ಎನ್ನುತ್ತಾರೆ. ಸೀಳು, ಪಾಲು ಎಂಬ ಅರ್ಥದ ಧಾತುವಿನಿಂದ ಬಂದ ಪದ. ಉರ್ದುವಿನಲ್ಲಿ ಅದೇ ‘ದರ್ದೆ ಶಕೀಕಾ’, ಮನೆಮಾತಿನಲ್ಲಿ ‘ಆಧಾಸೀಸಿ’. ಸಂಸ್ಕೃತದಲ್ಲಿ ‘ಅರ್ಧಾವಭೇದಕ’. ಕನ್ನಡದಲ್ಲಿ ಅರೆತಲೆನೋವು. ಗ್ರೀಕ್ ವೈದ್ಯ ಗ್ಯಾಲೆನ್ ‘ಹೆಮಿಕ್ರೇನಿಯಾ’ ಎಂದ. ಅದೂ ಅರ್ಧ ತಲೆಯೇ. ಆ ಪದವೇ ಬಾಯಿಂದ ಬಾಯಿಗೆ ಸವೆದು ಫ್ರೆಂಚಿನಲ್ಲಿ ‘ಮೈಗ್ರೇನ್’ ಆಯಿತು. ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದ ಜನರೂ ಒಂದೇ ರೀತಿಯಲ್ಲಿ ಹೆಸರಿಟ್ಟಿದ್ದಾರೆ ನೋಡಿ. ಎಲ್ಲರೂ ನೋವು ಎಲ್ಲಿದೆ ಎಂದು ಹೇಳಿದರು. ಯಾವಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ ಎಂಬುದು ಹೆಸರಿನೊಳಗೆ ಬರಲಿಲ್ಲ. ಹೀಗಾಗಿ ಅರ್ಧ ತಲೆಯಲ್ಲಿ ಬರುವ ಬೇರೆ ಬೇರೆ ಕಾಯಿಲೆಗಳೆಲ್ಲ ಒಂದೇ ಹೆಸರಿನ ಕೆಳಗೆ ಸೇರಿಕೊಂಡವು. ಕ್ಲಸ್ಟರ್ ತಲೆನೋವು ಅಡಗಿ ಕುಳಿತದ್ದು ಅಲ್ಲಿಯೇ.

ಪ್ರವಾದಿ ಮುಹಮ್ಮದ್ (ಸ.) ಅವರು ಇಹ್ರಾಮಿನಲ್ಲಿದ್ದಾಗ ಶಕೀಕಾ ನೋವಿಗಾಗಿ ತಲೆಗೆ ಹಿಜಾಮಾ ಮಾಡಿಸಿಕೊಂಡರೆಂದು ಇಬ್ನು ಅಬ್ಬಾಸ್ (ರ.) ಅವರ ವರದಿ ಸಹೀಹ್ ಬುಖಾರಿಯಲ್ಲಿದೆ. ಅಂದರೆ ಏಳನೇ ಶತಮಾನದ ಹಿಜಾಝಿನಲ್ಲಿ ಈ ಪದವೂ ಇತ್ತು, ಅದಕ್ಕೆ ಇಲಾಜು ಹುಡುಕುವ ವಾಡಿಕೆಯೂ ಇತ್ತು. ನೋವನ್ನು ಸಹಿಸಿಕೊಂಡು ಸುಮ್ಮನಿರುವುದೇ ಸಬ್ರ್ ಎಂದು ತಿಳಿದಿರುವ ಕೆಲವರು ಈ ವರದಿಯನ್ನು ಗಮನಿಸಬೇಕು.

ಇಬ್ನು ಸೀನಾ (980-1037) ತಮ್ಮ ‘ಅಲ್ ಕಾನೂನ್ ಫಿ ತ್ತಿಬ್ಬ್’ ಗ್ರಂಥದ ಮೂರನೆಯ ಭಾಗದಲ್ಲಿ ರೋಗಗಳನ್ನು ತಲೆಯಿಂದ ಕಾಲಿನವರೆಗೆ ಕ್ರಮವಾಗಿ ವಿವರಿಸುತ್ತಾರೆ. ಆದ್ದರಿಂದ ತಲೆನೋವಿಗೆ ಅಲ್ಲಿ ಮೊದಲ ಸಾಲಿನ ಮರ್ಯಾದೆ. ಬೆಳಕು, ಮಾತು, ಸದ್ದು ಯಾವುದನ್ನೂ ಸಹಿಸದೆ ಕತ್ತಲಲ್ಲಿ ಒಬ್ಬರೇ ಮಲಗಿರಲು ಬಯಸುವ ರೋಗಿಯನ್ನು ಅವರು ಚೆನ್ನಾಗಿ ಗಮನಿಸಿದ್ದಾರೆ. ಇಂದಿನ ವೈದ್ಯರು ಅದನ್ನು ಓದಿದರೆ ಮೈಗ್ರೇನ್ ಎಂದು ತಕ್ಷಣ ಹೇಳುತ್ತಾರೆ. ನಮ್ಮ ಕ್ಲಸ್ಟರ್ ರೋಗಿ ಇದಕ್ಕೆ ಪೂರ್ತಿ ವಿರುದ್ಧ. ಕತ್ತಲ ಕೋಣೆಯಲ್ಲಿ ಮಲಗಿಸಿದರೆ ಎದ್ದು ಅಂಗಳಕ್ಕೆ ಓಡುತ್ತಾನೆ. ಎರಡನ್ನೂ ಬೇರ್ಪಡಿಸುವ ಸುಲಭದ ಗುರುತು ಇದು, ವಿದ್ಯಾರ್ಥಿಗಳು ನೆನಪಿಟ್ಟುಕೊಳ್ಳಬೇಕು.

ಸ್ಪೇನಿನ ಕುರ್ತುಬಾದ ಶಸ್ತ್ರವೈದ್ಯ ಅಝ್ಝಹ್ರಾವಿ (ನಿಧನ 1013) ಮೂವತ್ತು ಭಾಗಗಳ ‘ಅತ್ತಸ್ರೀಫ್’ ಬರೆದವರು. ಶಸ್ತ್ರಗಳ ಚಿತ್ರಗಳಿರುವ ಅದರ ಕೊನೆಯ ಭಾಗ ಯುರೋಪಿನವರಿಗೂ ಶತಮಾನಗಳ ಕಾಲ ಪಾಠವಾಗಿತ್ತು. ಔಷಧಿಗೆ ಬಗ್ಗದ ಶಕೀಕಾಕ್ಕೆ ಅವರು ಕಣತಲೆಯ ಮೇಲೆ ಕಾದ ಕಬ್ಬಿಣದಿಂದ ಸುಡುವ ವಿಧಾನವನ್ನೂ, ಕಣತಲೆಯ ಚರ್ಮ ಸೀಳಿ ಬೆಳ್ಳುಳ್ಳಿಯ ಎಸಳು ಇಡುವ ವಿಧಾನವನ್ನೂ ಹೇಳಿದ್ದಾರೆ. ಓದಿದರೆ ಮೈ ನಡುಗುತ್ತದೆ. ಆದರೆ ಅಂಥ ಚಿಕಿತ್ಸೆಗೂ ತಲೆಯೊಡ್ಡುವ ರೋಗಿಗಳಿದ್ದರು ಎಂಬುದರಲ್ಲೇ ಆ ನೋವಿನ ಅಳತೆ ಸಿಗುತ್ತದೆ. ನಮ್ಮ ಹಳ್ಳಿಗಳಲ್ಲಿ ತಲೆಶೂಲೆಗೆ ಬರೆ ಹಾಕಿಸಿಕೊಂಡ ಗುರುತು ಕಣತಲೆಯ ಮೇಲೆ ಹೊತ್ತ ಹಿರಿಯರನ್ನು ನೀವೂ ನೋಡಿರಬಹುದು. ಸುಡುವ ಚಿಕಿತ್ಸೆಯನ್ನು ಪ್ರವಾದಿಯವರು (ಸ.) ಇಷ್ಟಪಡುತ್ತಿರಲಿಲ್ಲ ಎಂಬುದು ಹದೀಸ್ ಓದಿದವರಿಗೆ ಗೊತ್ತಿರುವ ವಿಷಯ.

ಕಾಲವನ್ನು ಹೆಸರಿನಲ್ಲೇ ಇಟ್ಟವರು ಭಾರತದ ಪ್ರಾಚೀನ ವೈದ್ಯರು. ಸುಶ್ರುತ ಸಂಹಿತೆಯ ಉತ್ತರತಂತ್ರದಲ್ಲಿ ಹನ್ನೊಂದು ಶಿರೋರೋಗಗಳ ಪಟ್ಟಿಯಿದೆ. ಅದರಲ್ಲಿ ಅರ್ಧಾವಭೇದಕದಿಂದ ಪ್ರತ್ಯೇಕವಾಗಿ ‘ಸೂರ್ಯಾವರ್ತ’ ಎಂಬುದಿದೆ. ಸೂರ್ಯ ಹುಟ್ಟುವಾಗ ಕಣ್ಣು ಹುಬ್ಬುಗಳಲ್ಲಿ ಶುರುವಾಗಿ, ಬಿಸಿಲೇರಿದಂತೆ ಏರಿ, ಹೊತ್ತು ಇಳಿದಂತೆ ಇಳಿಯುವ ನೋವು. ಕೆಲವರು ಇದನ್ನೇ ಇಂದಿನ ಕ್ಲಸ್ಟರ್ ತಲೆನೋವು ಎಂದು ಬರೆಯುತ್ತಾರೆ. ನನಗೆ ಅದು ಆತುರದ ಮಾತು ಎನಿಸುತ್ತದೆ. ಕ್ಲಸ್ಟರ್ ನೋವು ಹಗಲಿಡೀ ಇರುವುದಿಲ್ಲ, ಹೆಚ್ಚಿನವರಿಗೆ ಅದು ರಾತ್ರಿಯ ನಿದ್ದೆಯನ್ನೇ ಹುಡುಕಿಕೊಂಡು ಬರುತ್ತದೆ. ಆದರೂ ರೋಗಿಯನ್ನು ಕೇಳಬೇಕಾದ ಪ್ರಶ್ನೆ ‘ಎಷ್ಟು ಹೊತ್ತಿಗೆ?’ ಎಂಬುದು ಆ ವೈದ್ಯರಿಗೆ ತಿಳಿದಿತ್ತು.

ಇದೇ ಪ್ರಶ್ನೆಯನ್ನು ಕೇಳಿ ಉತ್ತರ ಬರೆದಿಟ್ಟವರು ಹಾಲೆಂಡಿನ ವೈದ್ಯ ನಿಕೊಲಾಸ್ ಟುಲ್ಪ್. ಚಿತ್ರಕಾರ ರೆಂಬ್ರಾಂಟ್ 1632ರಲ್ಲಿ ಬರೆದ ಪ್ರಸಿದ್ಧ ಅಂಗರಚನಾ ಪಾಠದ ಚಿತ್ರದಲ್ಲಿ ಇರುವವರು ಇವರೇ. 1641ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಒಬ್ಬ ರೋಗಿಯ ವಿಷಯ ಹೇಳುತ್ತಾರೆ. ಬೇಸಿಗೆಯ ಆರಂಭದಲ್ಲಿ ಅವನಿಗೆ ತಲೆನೋವು ಬಂತು, ದಿನವೂ ನಿಗದಿಯಾದ ಹೊತ್ತಿಗೆ ಬಂದು ನಿಗದಿಯಾದ ಹೊತ್ತಿಗೆ ಹೋಗುತ್ತಿತ್ತು, ಎರಡು ಗಂಟೆ ಮೀರುತ್ತಿದ್ದುದು ಅಪರೂಪ, ಇನ್ನು ತಾಳಲಾರೆ ಎಂದು ಅವನು ಹೇಳುತ್ತಿದ್ದ. ಸುಮಾರು ನೂರು ವರ್ಷಗಳ ನಂತರ, 1745ರಲ್ಲಿ, ಗೆರಾರ್ಡ್ ವಾನ್ ಸ್ವೀಟೆನ್ ಇನ್ನೂ ಸ್ಪಷ್ಟವಾಗಿ ಬರೆದರು. ಗಟ್ಟಿಮುಟ್ಟಾದ ನಡುವಯಸ್ಸಿನ ಗಂಡಸು, ದಿನವೂ ಒಂದೇ ಹೊತ್ತಿಗೆ ಎಡಗಣ್ಣಿನ ಮೇಲೆ ನೋವು, ಕಣ್ಣು ಕೆಂಪಾಗಿ ನೀರು, ಕಣ್ಣುಗುಡ್ಡೆಯನ್ನೇ ಹೊರಗೆ ತಳ್ಳಿದಂತೆ ಯಾತನೆ. ಇಂದಿನ ಪಠ್ಯಪುಸ್ತಕದಲ್ಲಿ ಇರುವ ಲಕ್ಷಣಗಳೇ ಇವು. ಆದರೂ ಈ ವಿವರಣೆಗಳು ಗ್ರಂಥಗಳೊಳಗೇ ಉಳಿದುಕೊಂಡವು. ಮುಂದಿನ ವೈದ್ಯರು ಅದೇ ಕಾಯಿಲೆಯನ್ನು ಹೊಸದಾಗಿ ಕಂಡು ಹೊಸ ಹೊಸ ಹೆಸರು ಇಡುತ್ತ ಹೋದರು.

ಹಾಲೆಂಡಿನ ಕಥೆ ನಮಗೇಕೆ ಎಂದು ಕೇಳುವವರಿಗಾಗಿ ನಮ್ಮ ಕಡೆಯದೇ ಒಂದು ಉದಾಹರಣೆ. ಹೋಳೂರಿನ ಸುತ್ತಿನ ಒಬ್ಬ ಹಿರಿಯರು, ಹಿಪ್ಪುನೇರಳೆ ತೋಟ ಮಾಡಿ ರೇಷ್ಮೆ ಹುಳು ಸಾಕುವವರು. ಅವರನ್ನು ಚಾಚಾ ಎಂದೇ ಕರೆಯುತ್ತೇನೆ. 1998ರ ಜನವರಿಯಲ್ಲಿ, ರಮಝಾನ್ ತಿಂಗಳಲ್ಲಿ, ರಾತ್ರಿ ಎರಡು ಗಂಟೆಗೆ ಬಲಗಣ್ಣಿನಲ್ಲಿ ಕಾದ ಸಲಾಕೆ ಚುಚ್ಚಿದಂತೆ ನೋವು ಎದ್ದಿತು. ಮುಕ್ಕಾಲು ಗಂಟೆ ಹುಳುಮನೆಯಿಂದ ಬಾವಿಯವರೆಗೆ, ಬಾವಿಯಿಂದ ಹುಳುಮನೆಯವರೆಗೆ ನಡೆದರು. ಸಹರಿ ಹೊತ್ತಿಗೆ ಏನೂ ಆಗದವರಂತೆ ಊಟಕ್ಕೆ ಕುಳಿತರು. ಮರುದಿನ ಮತ್ತೆ ಅದೇ ಎರಡು ಗಂಟೆ. ಹೀಗೆ ಆರು ವಾರ. ಮುಂದಿನ ವರ್ಷವೂ ರಮಝಾನಿನ ಹೊತ್ತಿಗೇ ಬಂದದ್ದರಿಂದ ಉಪವಾಸಕ್ಕೂ ಇದಕ್ಕೂ ಗಂಟು ಬಿತ್ತು. ಪಿತ್ತ ಎಂದರು ಕೆಲವರು, ಅಸರ್ ಎಂದರು ಕೆಲವರು. ತಾವೀಝು ಕಟ್ಟಿಸಿದ್ದಾಯಿತು. ಹಕೀಮರು ಕೊಟ್ಟ ಇತ್ರೀಫಲ್ ಉಸ್ತುಖುದ್ದೂಸ್ ತಿಂಗಳುಗಟ್ಟಲೆ ತಿಂದದ್ದಾಯಿತು. ಕಣ್ಣು ಕೆಂಪಾಗುತ್ತದೆ ಎಂದು ಕನ್ನಡಕ ಬಂತು. ಮೂಗು ಕಟ್ಟುತ್ತದೆ ಎಂದು ಸೈನಸ್ ಎಂದು ಎಕ್ಸರೇ ತೆಗೆಸಿ ಮೂಗಿನೊಳಗೆ ತೊಳೆದರು. ನೋವು ಮೇಲ್ದವಡೆಗೆ ಇಳಿಯುತ್ತದೆ ಎಂದು ಎರಡು ಹಲ್ಲು ಕೀಳಿಸಿದರು. ತಲೆಯ ಸ್ಕ್ಯಾನ್ ಮಾಡಿಸಿದಾಗ ರಿಪೋರ್ಟ್ ನಾರ್ಮಲ್ ಬಂತು. ಆ ನಾರ್ಮಲ್ ರಿಪೋರ್ಟೇ ಅವರಿಗೆ ಮುಳುವಾಯಿತು. ಏನೂ ಇಲ್ಲದೆ ಹೀಗೆ ಆಡುತ್ತಾರೆ ಎಂದು ಹತ್ತಿರದವರೇ ಮಾತಾಡಿಕೊಂಡರು.

ಈ ಗಂಟು ಬಿಡಿಸಿದವರು ಚಾಚಿ. ಶಾಲೆ ಕಲಿತದ್ದು ನಾಲ್ಕನೇ ತರಗತಿವರೆಗೆ. ಅವರ ತರ್ಕ ನೋಡಿ. ರಮಝಾನ್ ಚಂದ್ರಮಾನದ್ದು, ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. 2005ರಲ್ಲಿ ಅದು ಅಕ್ಟೋಬರಿಗೆ ಬಂದಿತ್ತು. ಆ ರಮಝಾನಿನಲ್ಲಿ ಚಾಚಾ ಮೂವತ್ತೂ ಉಪವಾಸ ಆರಾಮಾಗಿ ಇಟ್ಟರು. ನೋವು ಮಾತ್ರ ಎಂದಿನಂತೆ ಮಾವು ಹೂ ಬಿಡುವ ಕಾಲಕ್ಕೇ ಬಂತು. “ಇದು ರೋಝೆಯದಲ್ಲ, ಮಾವಿನ ಹೂವಿನ ಲೆಕ್ಕದ್ದು” ಎಂದರು ಚಾಚಿ. ಮುಂದೆ ಬೆಂಗಳೂರಿನ ಒಬ್ಬ ನರರೋಗ ತಜ್ಞರ ಮುಂದೆ ಕುಳಿತಾಗ ಚಾಚಾ ಹೇಳಿದ್ದು “ತಲೆನೋವು ಸಾರ್” ಎಂದಷ್ಟೆ. ಕಾಲ, ಗಳಿಗೆ, ಯಾವ ಕಣ್ಣು, ನಡೆದಾಡುವುದು ಎಲ್ಲವನ್ನೂ ಹೇಳಿದವರು ಚಾಚಿ. ವೈದ್ಯರು ಹತ್ತು ನಿಮಿಷದಲ್ಲಿ ಕಾಯಿಲೆಯ ಹೆಸರು ಬರೆದರು. ಅಷ್ಟರಲ್ಲಿ ಒಂಬತ್ತು ವರ್ಷ ಕಳೆದಿತ್ತು. ರೋಗ ಪತ್ತೆಗೆ ಕನ್ನಡದಲ್ಲಿ ‘ರೋಗನಿದಾನ’ ಎನ್ನುತ್ತೇವೆ. ನಮ್ಮ ಮಕ್ಕಳು ಪರೀಕ್ಷೆಯಲ್ಲಿ ಅದನ್ನು ‘ರೋಗನಿಧಾನ’ ಎಂದು ಬರೆದು ಅಂಕ ಕಳೆದುಕೊಳ್ಳುತ್ತಾರೆ. ಈ ಕಾಯಿಲೆಯ ಮಟ್ಟಿಗೆ ಮಕ್ಕಳು ಬರೆದದ್ದೇ ಸರಿ. ಉರ್ದುವಿನ ‘ತಶ್ಖೀಸ್’ ಇನ್ನೂ ಅರ್ಥವತ್ತಾದ ಪದ. ಅದು ‘ಶಖ್ಸ್’, ಅಂದರೆ ವ್ಯಕ್ತಿ, ಎಂಬ ಪದದ ಬಳಗದ್ದು.

ಮತ್ತೆ ಇತಿಹಾಸಕ್ಕೆ ಬರೋಣ. 1926ರಲ್ಲಿ ಲಂಡನ್ನಿನ ವಿಲ್ಫ್ರೆಡ್ ಹ್ಯಾರಿಸ್ ಇದನ್ನು ನರಶೂಲೆಯ ಒಂದು ಬಗೆಯೆಂದು ವಿವರಿಸಿದರು. 1939ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ಬೇಯಾರ್ಡ್ ಹಾರ್ಟನ್ ಮತ್ತು ಜೊತೆಗಾರರು ಇದನ್ನು ಹೊಸ ಕಾಯಿಲೆಯೆಂದೇ ಪ್ರಕಟಿಸಿದರು. ಹಾರ್ಟನ್ನರು ಹಿಸ್ಟಮೀನ್ ಎಂಬ ರಾಸಾಯನಿಕವನ್ನು ಕಾರಣವೆಂದು ನಂಬಿ ಅದನ್ನೇ ಅಲ್ಪ ಪ್ರಮಾಣದಲ್ಲಿ ಚುಚ್ಚಿ ಚಿಕಿತ್ಸೆ ಮಾಡಿದರು. ಆ ಚಿಕಿತ್ಸೆ ಮುಂದೆ ನಿಲ್ಲಲಿಲ್ಲ, ಆದರೆ ರೋಗಿಗಳ ಬಗ್ಗೆ ಅವರು ಬರೆದ ವಿವರಗಳು ನಿಂತವು. 1952ರಲ್ಲಿ ಕಂಕಲ್ ಮತ್ತು ಸಂಗಡಿಗರು ಇದು ಗೊಂಚಲು ಗೊಂಚಲಾಗಿ ಬರುವುದನ್ನು ಮುಖ್ಯ ಲಕ್ಷಣವಾಗಿ ಎತ್ತಿ ಹೇಳಿದರು. ಕ್ಲಸ್ಟರ್ ಎಂಬ ಹೆಸರು ಅಲ್ಲಿಂದ ಬಂತು. ಎಲ್ಲಿ ಎಂಬುದರ ಬದಲು ಯಾವಾಗ ಎಂಬುದು ಕೊನೆಗೂ ಹೆಸರಿನೊಳಗೆ ಬಂದು ಕುಳಿತಿತು. 1988ರಲ್ಲಿ ಅಂತಾರಾಷ್ಟ್ರೀಯ ತಲೆನೋವು ಸಂಘ ಎಲ್ಲ ತಲೆನೋವುಗಳ ವರ್ಗೀಕರಣ ಪ್ರಕಟಿಸಿ ಇದಕ್ಕೆ ಖಚಿತ ನಿಯಮಗಳನ್ನು ಕೊಟ್ಟಿತು. ಅದರ ಮೂರನೆಯ ಆವೃತ್ತಿ 2018ರದು. ಆ ನಿಯಮಗಳಲ್ಲಿ ರಕ್ತಪರೀಕ್ಷೆಯಿಲ್ಲ. ಇಂಥ ನೋವು ಕನಿಷ್ಠ ಐದು ಸಲ ಬಂದಿರಬೇಕು, ಇಷ್ಟು ಹೊತ್ತು ಇರಬೇಕು, ಕಣ್ಣು ಮೂಗಿನ ಲಕ್ಷಣ ಅಥವಾ ಚಡಪಡಿಕೆ ಇರಬೇಕು ಎಂದು ರೋಗಿಯ ಬಾಯಿಂದ ಬರುವ ವಿವರಗಳೇ ಇವೆ. ಸ್ಕ್ಯಾನ್ ಮಾಡಿಸುವುದು ಗೆಡ್ಡೆ ಮುಂತಾದ ಬೇರೆ ಕಾರಣಗಳಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು. ಆದ್ದರಿಂದ ರಿಪೋರ್ಟ್ ನಾರ್ಮಲ್ ಬರುವುದು ಈ ಕಾಯಿಲೆಯಲ್ಲಿ ನಿರೀಕ್ಷಿತವೇ.

ಗಡಿಯಾರ ಎಲ್ಲಿದೆ ಎಂಬುದೂ ತಿಳಿಯಿತು. 1998ರಲ್ಲಿ, ಚಾಚಾ ಮೊದಲ ಸಲ ಅಂಗಳದಲ್ಲಿ ನಡೆದಾಡಿದ ಅದೇ ವರ್ಷ, ಆರ್ನೆ ಮೇ ಮತ್ತು ಸಂಗಡಿಗರು ನೋವಿನ ವೇಳೆಯಲ್ಲಿ ರೋಗಿಗಳ ಮಿದುಳಿನ ಪೆಟ್ ಸ್ಕ್ಯಾನ್ ಮಾಡಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಹೈಪೋಥಲಾಮಸ್ ಎಂಬ ಪುಟ್ಟ ಭಾಗ ಆ ವೇಳೆಯಲ್ಲಿ ಚುರುಕಾಗಿತ್ತು. ನಿದ್ದೆ, ಎಚ್ಚರ, ಹಗಲು ರಾತ್ರಿಗಳ ಲೆಕ್ಕ ಇಡುವ ಭಾಗ ಅದೇ. ಎರಡು ಗಂಟೆಯ ರಹಸ್ಯ ಇಲ್ಲಿತ್ತು.

ಶಿಫಾ ಕೊಡುವವನು ಅಲ್ಲಾಹನು, ಆದರೆ ಇಲಾಜಿನ ಇತಿಹಾಸವನ್ನೂ ತಿಳಿದಿರಬೇಕು. ಈ ಕಾಯಿಲೆಯ ಅತ್ಯಂತ ಸರಳ ಔಷಧಿ ಆಕ್ಸಿಜನ್. 1981ರಲ್ಲಿ ಲೀ ಕುಡ್ರೋ ಎಂಬ ವೈದ್ಯರು 52 ರೋಗಿಗಳಿಗೆ ನಿಮಿಷಕ್ಕೆ 7 ಲೀಟರಿನಂತೆ ಕಾಲು ಗಂಟೆ ಮಾಸ್ಕಿನಿಂದ ಶುದ್ಧ ಆಕ್ಸಿಜನ್ ಕೊಟ್ಟಾಗ ನಾಲ್ಕರಲ್ಲಿ ಮೂವರಿಗೆ ಒಳ್ಳೆಯ ಉಪಶಮನವಾಯಿತು. 2009ರಲ್ಲಿ ಲಂಡನ್ನಿನಲ್ಲಿ ನಿಮಿಷಕ್ಕೆ 12 ಲೀಟರಿನಂತೆ ಕೊಟ್ಟು, ಸಾಮಾನ್ಯ ಗಾಳಿಯೊಂದಿಗೆ ಹೋಲಿಸಿ ನೋಡಿದರು. ಆಕ್ಸಿಜನ್ನಿಗೆ ಶೇ. 78, ಗಾಳಿಗೆ ಶೇ. 20 ಫಲ. 1991ರಲ್ಲಿ ಸುಮಾಟ್ರಿಪ್ಟಾನ್ ಚುಚ್ಚುಮದ್ದು ಕಾಲು ಗಂಟೆಯಲ್ಲಿ ಶೇ. 74ರಷ್ಟು ಸಲ ನೋವು ತಗ್ಗಿಸಿತೆಂದು ಪ್ರಕಟವಾಯಿತು. ಹೃದಯದ ಕಾಯಿಲೆ ಇರುವವರಿಗೆ ಅದು ಆಗದು. ಮಾತ್ರೆ ನುಂಗಿದರೆ ಅದು ಕರಗಿ ರಕ್ತ ಸೇರುವಷ್ಟರಲ್ಲಿ ನೋವಿನ ಸರದಿಯೇ ಮುಗಿದಿರುತ್ತದೆ. ಅಂಗಡಿಯ ನೋವಿನ ಮಾತ್ರೆಗಳು ಇದರಲ್ಲಿ ಸೋಲುವುದಕ್ಕೂ ಇದೊಂದು ಕಾರಣ. ಇನ್ನು ನೋವು ಬಾರದಂತೆ ತಡೆಯಲು ವೆರಪಾಮಿಲ್ ಎಂಬ, ಮೂಲತಃ ಹೃದಯಕ್ಕೆ ಬಳಸುತ್ತಿದ್ದ, ಔಷಧಿಯನ್ನು ಇಸಿಜಿ ನೋಡಿಕೊಂಡು ಕೊಡುತ್ತಾರೆ. ಇವೆಲ್ಲ ವೈದ್ಯರ ಕೈಯಲ್ಲೇ ಇರಬೇಕಾದವು. ನೋವಿನ ಕಾಲದಲ್ಲಿ ಮದ್ಯ ಈ ಕಾಯಿಲೆಯನ್ನು ಕೂಡಲೇ ಕೆರಳಿಸುತ್ತದೆ. ನಮ್ಮ ಓದುಗರಿಗೆ ಅದು ಅನ್ವಯಿಸದು ಎಂದುಕೊಳ್ಳುತ್ತೇನೆ. ಬೀಡಿ ಸಿಗರೇಟಿನ ವಿಷಯದಲ್ಲಿ ಹಾಗೆ ಹೇಳುವ ಧೈರ್ಯವಿಲ್ಲ. ಈ ರೋಗಿಗಳಲ್ಲಿ ಸೇದುವವರೇ ಹೆಚ್ಚು.

ನಮ್ಮ ರಾಜ್ಯದಲ್ಲಿ ತಲೆನೋವಿನ ಮನೆಮನೆ ಸಮೀಕ್ಷೆ ನಡೆದದ್ದು ಹೆಚ್ಚಿನವರಿಗೆ ತಿಳಿಯದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ವಿದೇಶದ ಸಂಶೋಧಕರ ಜೊತೆಗೂಡಿ ನಗರ ಮತ್ತು ಹಳ್ಳಿಗಳ 2,329 ಜನರನ್ನು ವಿಚಾರಿಸಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ವರ್ಷದಲ್ಲಿ ಶೇ. 63.9 ಜನರಿಗೆ ಯಾವುದಾದರೊಂದು ತಲೆನೋವು, ಶೇ. 25.2 ಜನರಿಗೆ ಮೈಗ್ರೇನ್. ಇಷ್ಟು ದೊಡ್ಡ ಗುಂಪಿನಲ್ಲಿ ಕ್ಲಸ್ಟರ್ ರೋಗಿ ಕಳೆದುಹೋಗುವುದು ಸಹಜ. ಬೇರೆ ದೇಶಗಳ ಅಧ್ಯಯನಗಳು ಸಾವಿರಕ್ಕೆ ಸುಮಾರು ಒಬ್ಬರ ಲೆಕ್ಕ ಕೊಡುತ್ತವೆ. 2011ರ ಜನಗಣತಿಯಲ್ಲಿ ಕೋಲಾರ ಜಿಲ್ಲೆಯ ಜನಸಂಖ್ಯೆ 15,36,401. ಅದೇ ಲೆಕ್ಕ ನಮಗೂ ಹೊಂದಿದರೆ ಎಷ್ಟು ಜನ ಎಂಬುದನ್ನು ವಿದ್ಯಾರ್ಥಿಗಳೇ ಭಾಗಿಸಿ ನೋಡಬಹುದು. ಅವರಲ್ಲಿ ಎಷ್ಟು ಜನ ಈಗ ಹಲ್ಲು ಕೀಳಿಸುವ ಸರದಿಯಲ್ಲಿದ್ದಾರೋ!

ನಿಮ್ಮ ಮನೆಯಲ್ಲಿ ಇಂಥ ನೋವಿನವರಿದ್ದರೆ ಒಂದು ಇನ್ನೂರು ಪುಟದ ನೋಟುಬುಕ್ಕಿನಲ್ಲಿ ತಾರೀಖು, ಶುರುವಾದ ಗಳಿಗೆ, ಮುಗಿದ ಗಳಿಗೆ, ಯಾವ ಪಕ್ಕ, ಕಣ್ಣಲ್ಲಿ ನೀರು ಬಂತೇ, ಮಲಗಿದ್ದರೇ ನಡೆದಾಡಿದರೇ ಎಂದು ಬರೆದಿಡಿ. ರೋಗಿಯಿಂದ ಆಗದು, ಪಕ್ಕದಲ್ಲಿದ್ದವರು ಬರೆಯಬೇಕು. ಮನೆಯಲ್ಲಿ ಓದುವ ಮಕ್ಕಳಿದ್ದರೆ ಅವರಿಗೆ ಈ ಕೆಲಸ ಕೊಡಿ. ಒಂದು ವಿಷಯ ಮಾತ್ರ ಪ್ರತ್ಯೇಕ. ಹಿಂದೆಂದೂ ಇಲ್ಲದ ಭಾರಿ ತಲೆನೋವು ಹಠಾತ್ತನೆ ಬಂದರೆ, ಜ್ವರದೊಂದಿಗೆ ಕುತ್ತಿಗೆ ಸೆಟೆದರೆ, ಕೈಕಾಲು ಸೋತರೆ, ಐವತ್ತು ದಾಟಿದ ಮೇಲೆ ಹೊಸದಾಗಿ ತಲೆನೋವು ಶುರುವಾದರೆ ನೋಟುಬುಕ್ಕು ಹುಡುಕುತ್ತ ಕೂರದೆ ಆಸ್ಪತ್ರೆಗೆ ಓಡಬೇಕು.

ಸಂಘದ ಸದಸ್ಯರಿಗೆ ಒಂದು ಮಾತು. 2021ರ ಕೋವಿಡ್ ಎರಡನೇ ಅಲೆಯಲ್ಲಿ ಎಷ್ಟೋ ಸಂಘ ಸಂಸ್ಥೆಗಳು ಆಕ್ಸಿಜನ್ ಸಿಲಿಂಡರ್ ಮತ್ತು ಕಾನ್ಸಂಟ್ರೇಟರ್ ಯಂತ್ರ ಕೊಂಡವು. ಈಗ ಅವು ಎಲ್ಲಿವೆ, ಯಾವ ಸ್ಥಿತಿಯಲ್ಲಿವೆ ಎಂದು ಒಮ್ಮೆ ವಿಚಾರಿಸಿ. ಸಾಮಾನ್ಯ ಮನೆಬಳಕೆಯ ಕಾನ್ಸಂಟ್ರೇಟರ್ ನಿಮಿಷಕ್ಕೆ ಐದು ಲೀಟರಿನ ಆಸುಪಾಸು ಕೊಡುತ್ತದೆ, ಈ ನೋವಿಗೆ ಅದು ಸಾಲದು. ಬೇಕಾದದ್ದು ಸಿಲಿಂಡರು, ಹನ್ನೆರಡು ಲೀಟರಿನವರೆಗೆ ತೆರೆಯುವ ರೆಗ್ಯುಲೇಟರು, ಗಾಳಿಚೀಲ ಇರುವ ಮಾಸ್ಕು, ಜೊತೆಗೆ ವೈದ್ಯರ ಚೀಟಿ. ದಮ್ಮಿನ ಹಳೆಯ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಬಳಸಬಾರದು. ಒಲೆ, ಬೀಡಿ, ಊದುಬತ್ತಿ ಯಾವುದೂ ಹತ್ತಿರ ಇರಬಾರದು. ಚಾಚಾ ತಮ್ಮ ಸಿಲಿಂಡರನ್ನು ಹುಳುಮನೆಯ ಗೋಡೆಗೆ ಸರಪಳಿ ಹಾಕಿ ನಿಲ್ಲಿಸಿದ್ದಾರೆ. ಪ್ರತಿ ವರ್ಷ ಮಾವು ಹೂ ಬಿಡುವ ಮೊದಲು ಅದನ್ನು ಕೋಲಾರಕ್ಕೆ ಕಳಿಸಿ ತುಂಬಿಸಿ ತರುವ ಹೊಣೆ ಚಾಚಿಯದು.